ಮೂರ್ಕಲ್ ಮೊಕದ್ದಮೆ: ನಾಗರಹೊಳೆಯ ಹಾಡಿಗಳು ಹೋಟೆಲನ್ನು ತಡೆದ ಕಥೆ

1997ರ ಜನವರಿ 20ರಂದು ಕರ್ನಾಟಕ ಹೈಕೋರ್ಟು ಒಂದು ತೀರ್ಪು ಕೊಟ್ಟಿತು. ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಒಳಗಿನ ಮೂರ್ಕಲ್‌ನಲ್ಲಿ ತಾಜ್ ಸಮೂಹದ ಗೇಟ್‌ವೇ ಹೋಟೆಲ್ಸ್ ಕಂಪನಿಗೆ ರಾಜ್ಯ ಸರ್ಕಾರ ಕೊಟ್ಟಿದ್ದ ಗುತ್ತಿಗೆ ಕಾನೂನಿಗೆ ವಿರುದ್ಧವಾದದ್ದು ಎಂಬುದು ಅದರ ಸಾರ. ಅರ್ಜಿ ಹಾಕಿದ್ದು ನಾಗರಹೊಳೆ ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿ. ಜೇನುಕುರುಬರು, ಬೆಟ್ಟಕುರುಬರು, ಯರವರು ಹಾಡಿ ಹಾಡಿಗಳಿಂದ ಬಂದು ಕಟ್ಟಿಕೊಂಡ ಸಂಘಟನೆ ಅದು. ತಮ್ಮ ಹೆಸರಿನಲ್ಲಿ ಒಂದು ಗುಂಟೆಯ ಪಹಣಿಯೂ ಇಲ್ಲದ ಜನ ದೇಶದ ದೊಡ್ಡ ಹೋಟೆಲು ಕಂಪನಿಯ ಎದುರು, ರಾಜ್ಯ ಸರ್ಕಾರದ ಎದುರು ನಿಂತು ಗೆದ್ದಿದ್ದರು.

ಇದು ಮೈಸೂರಿನವರಿಗೆ ದೂರದ ಸುದ್ದಿಯಲ್ಲ. ಲಷ್ಕರ್ ಮೊಹಲ್ಲಾದ ಪಕ್ಕ ಹಾಯುವ ಇರ್ವಿನ್ ರಸ್ತೆಯಲ್ಲಿ ವೆಲ್ಲಿಂಗ್ಟನ್ ಹೌಸ್ ಎಂಬ ಹಳೆಯ ಕಟ್ಟಡವಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆರ್ಥರ್ ವೆಲ್ಲೆಸ್ಲಿ ಅಲ್ಲಿ ಇದ್ದನೆಂದು ಹೇಳುತ್ತಾರೆ. ಈಗ ಅದೇ ಕಟ್ಟಡದಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ದಕ್ಷಿಣ ವಲಯ ಕೇಂದ್ರವಿದೆ. ಬುಡಕಟ್ಟು ಜನರ ಕಲೆ, ಬದುಕು, ಕೈಕೆಲಸಗಳನ್ನು ನಾಡಿಗೆ ತೋರಿಸುವ ಸಂಸ್ಥೆ ಅದು. ಇರ್ವಿನ್ ರಸ್ತೆ ಸಯ್ಯಾಜಿರಾವ್ ರಸ್ತೆಯನ್ನು ಸಂಧಿಸುವಲ್ಲಿ, ಆಯುರ್ವೇದ ಕಾಲೇಜು ವೃತ್ತದಲ್ಲಿ, ಪ್ರತಿ ವಿಜಯದಶಮಿಯಂದು ಜಂಬೂಸವಾರಿ ಹಾದುಹೋಗುತ್ತದೆ. ಆನೆಗಳ ಕೊರಳಿನ ಮೇಲೆ ಕೂತ ಮಾವುತರಲ್ಲಿ, ಪಕ್ಕದಲ್ಲಿ ನಡೆಯುವ ಕಾವಾಡಿಗಳಲ್ಲಿ ಜೇನುಕುರುಬರು ಬಹಳ ಮಂದಿ. ದಸರೆಯ ಆನೆಗಳು ಮೈಸೂರಿಗೆ ಬರುವ ಗಜಪಯಣ ಹೊರಡುವುದು ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ. ಅಲ್ಲಿನ ಗೇಟು ದಾಟಿ ನಾಗರಹೊಳೆಯ ಕಡೆಗೆ ನಡೆದರೆ ಸಿಗುವ ಕಾಡಿನಲ್ಲೇ ಮೂರ್ಕಲ್ ಇದೆ. ಮೈಸೂರು ಈ ಜನರ ಕೈಚಳಕವನ್ನು ಹಬ್ಬದ ದಿನ ಕಣ್ತುಂಬ ನೋಡುತ್ತದೆ. ಅವರ ನೆಲದ ಪ್ರಶ್ನೆಯನ್ನು ಅಷ್ಟೇ ಗಮನವಿಟ್ಟು ನೋಡಿಲ್ಲ ಎಂಬುದು ನನ್ನ ನೋವು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಹಾಡಿಯೆಂದರೆ ನಾಲ್ಕಾರು ಗುಡಿಸಲುಗಳ ಗುಂಪಷ್ಟೇ ಅಲ್ಲ. ಜೇನುಕುರುಬರಲ್ಲಿ ಒಂದೊಂದು ಕುಲಕ್ಕೂ ಒಂದೊಂದು ಜಮ್ಮ ಇದೆ. ತಮ್ಮ ದೇವರ ನೆಲೆ, ಹಿರಿಯರನ್ನು ಮಣ್ಣುಮಾಡಿದ ಜಾಗ, ಹೆಜ್ಜೇನು ಕಟ್ಟುವ ಮರ, ಕಾಡುಗೆಣಸು ಸಿಗುವ ತಾವು, ನೀರಿನ ಸೆಲೆ ಎಲ್ಲವೂ ಸೇರಿದ ಎಲ್ಲೆ ಅದು. ಎಲ್ಲೆಯ ಗುರುತು ಹೊಳೆ, ಕಲ್ಲು, ಮರ. ಇಂಥ ಮರ ಇಂಥ ಮನೆತನದ್ದು ಎಂಬುದು ಎಲ್ಲರಿಗೂ ಗೊತ್ತು. ಹಡ್ಲು ಎನ್ನುವ ತೇವದ ಬಯಲಿನಲ್ಲಿ ಭತ್ತ, ಮೇಲಿನ ನೆಲದಲ್ಲಿ ರಾಗಿ. ಇದ್ಯಾವುದೂ ಕಂದಾಯ ಇಲಾಖೆಯ ಪುಸ್ತಕಕ್ಕೆ ಇಳಿಯಲಿಲ್ಲ. ಬ್ರಿಟಿಷರ ಕಾಲದಲ್ಲಿ ಕಾಡು ಸರ್ಕಾರದ್ದಾಯಿತು, ಕಾಡು ಕಡಿದು ಸುಟ್ಟು ಮಾಡುವ ಕುಮರಿ ಬೇಸಾಯ ಅಪರಾಧವಾಯಿತು, ತೇಗದ ತೋಪುಗಳೆದ್ದವು. ತೇಗದ ಸಸಿ ನೆಡುವುದಕ್ಕೆ, ಮರ ಉರುಳಿಸುವುದಕ್ಕೆ, ಕಾಕನಕೋಟೆಯ ಖೆಡ್ಡಾದಲ್ಲಿ ಆನೆ ಅಟ್ಟುವುದಕ್ಕೆ ಮಾತ್ರ ಹಾಡಿಯ ಜನ ಬೇಕಿತ್ತು. ಮಾಸ್ತಿಯವರು ‘ಕಾಕನಕೋಟೆ’ ನಾಟಕದಲ್ಲಿ ಕಾಡಿನ ಕುರುಬರನ್ನೂ ಕಪ್ಪ ಕೇಳುವ ನಾಡಿನ ಆಡಳಿತವನ್ನೂ ಎದುರುಬದುರು ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಆ ಜಗಳ ಅಷ್ಟು ಹಳೆಯದು.

ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಅದಾದ ಮೂರೇ ವರ್ಷಕ್ಕೆ ಕಬಿನಿ ಅಣೆಕಟ್ಟು ಮುಗಿದು, ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡು, ಊರು, ಹಾಡಿಗಳು ನೀರಿನಡಿ ಹೋದವು. ಖೆಡ್ಡಾ ನಡೆಯುತ್ತಿದ್ದ ಜಾಗವೂ ಮುಳುಗಿತು. ಅದೇ ಹೊತ್ತಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತ್ತು. 1955ರಲ್ಲಿ ಅಭಯಾರಣ್ಯವಾಗಿದ್ದ ನಾಗರಹೊಳೆ 1980ರ ದಶಕದಲ್ಲಿ 643 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನವಾಯಿತು. ಉದ್ಯಾನ ಘೋಷಿಸುವ ಮೊದಲು ಅಲ್ಲಿರುವವರ ಹಕ್ಕುಗಳನ್ನು ವಿಚಾರಿಸಿ ಇತ್ಯರ್ಥ ಮಾಡಬೇಕೆಂದು ಆ ಕಾಯ್ದೆಯೇ ಹೇಳುತ್ತದೆ. ಆದರೆ ಕಾಗದ ತೋರಿಸಲಾರದವನ ಹಕ್ಕನ್ನು ವಿಚಾರಿಸುವವರು ಯಾರು? 1970ರ ದಶಕದಿಂದ ಒಂದೊಂದಾಗಿ ಹಾಡಿಗಳು ಖಾಲಿಯಾದವು. ಗುಡಿಸಲು ಕೀಳಿಸಿದರು, ಬೆಳೆದ ಪೈರಿಗೆ ಆನೆ ಬಿಟ್ಟರು ಎಂದು ಹಿರಿಯರು ಇಂದಿಗೂ ಹೇಳುತ್ತಾರೆ. ಹೊರಬಿದ್ದವರು ಕೊಡಗಿನ ಕಾಫಿ ತೋಟಗಳ ಲೈನ್‌ಮನೆ ಸೇರಿದರು. ವಾರದ ಬಟವಾಡೆಗೆ, ತೋಟದ ರೈಟರನ ಪುಸ್ತಕದಲ್ಲಿ ಬರೆದ ಸಾಲಕ್ಕೆ ಕಟ್ಟುಬಿದ್ದರು. ಒಳಗೆ ಉಳಿದ ಐವತ್ತಕ್ಕೂ ಹೆಚ್ಚು ಹಾಡಿಗಳಿಗೆ ಜೇನು ಕೀಳುವುದು, ಗೆಣಸು ಅಗೆಯುವುದು, ಮನೆಗೆ ಹೆಂಚು ಹೊದಿಸುವುದು ಎಲ್ಲವೂ ಅಪ್ಪಣೆಯ ಮಾತಾಯಿತು.

ಇಂಥ ಹೊತ್ತಿನಲ್ಲಿ, 1994ರಲ್ಲಿ, ಮೂರ್ಕಲ್‌ನ ಜಾಗವನ್ನು ಪ್ರವಾಸಿಗಳ ವಿಹಾರಧಾಮಕ್ಕೆಂದು ಗೇಟ್‌ವೇ ಹೋಟೆಲ್ಸ್‌ಗೆ ಗುತ್ತಿಗೆ ಕೊಡಲಾಯಿತು. ಗೇಟ್‌ವೇ ಟಸ್ಕರ್ ಲಾಡ್ಜ್ ಎಂದು ಹೆಸರೂ ಸಿದ್ಧವಾಯಿತು. ಕಾಡಿನ ನಡುವೆ ಕಟ್ಟಡದ ಕೆಲಸ ಶುರುವಾಯಿತು.

ಹಾಡಿಗಳಲ್ಲಿ ಎದ್ದ ಪ್ರಶ್ನೆ ಸರಳವಾದದ್ದು. ಪ್ರಾಣಿಗಳಿಗೆ ತೊಂದರೆಯಾಗುತ್ತದೆಂದು ನಮ್ಮ ಗುಡಿಸಲು ಬೇಡವಾದರೆ ಹೋಟೆಲು ಹೇಗೆ ಬೇಕಾಯಿತು? ನಮ್ಮ ಸೌದೆಯ ಒಲೆ ಕಾಡಿಗೆ ಅಪಾಯವಾದರೆ ಅವರ ಜೀಪು, ದೀಪ, ಅಡುಗೆಮನೆ ಅಪಾಯವಲ್ಲವೇ? ಈ ಪ್ರಶ್ನೆಗೆ ಅಂದಿನ ಸರ್ಕಾರದಲ್ಲಿ ಉತ್ತರ ಇರಲಿಲ್ಲ. ಹೋಟೆಲು ಬಂದರೆ ಕೆಲಸ ಸಿಗುತ್ತದೆ ಎಂಬ ಮಾತು ಬಂತು. ಕಾಡನ್ನು ಎಲೆ ಎಲೆಯಾಗಿ ಬಲ್ಲವರನ್ನು ಅದೇ ಕಾಡಿನಲ್ಲಿ ಹಾಸಿಗೆ ಕೊಡವುವ ಆಳುಗಳನ್ನಾಗಿ ಮಾಡುವ ಆ ಮಾತನ್ನು ಹಾಡಿಯವರು ಒಪ್ಪಲಿಲ್ಲ. ಹುಣಸೂರಿನ ಡೀಡ್, ಕುಶಾಲನಗರದ ಕಾರ್ಡ್ ಸಂಸ್ಥೆಗಳು, ಪ್ರವಾಸೋದ್ಯಮದ ಹಾನಿಗಳನ್ನು ಅಭ್ಯಾಸ ಮಾಡುತ್ತಿದ್ದ ಬೆಂಗಳೂರಿನ ಇಕ್ವೇಷನ್ಸ್ ಬೆನ್ನಿಗೆ ನಿಂತವು. 1996ರಲ್ಲಿ ಮೆರವಣಿಗೆ, ಧರಣಿಗಳು ನಡೆದವು. ಜೊತೆಜೊತೆಗೆ ಹೈಕೋರ್ಟಿನ ಬಾಗಿಲು ತಟ್ಟಿದರು.

ಈ ದಾರಿ ಕರ್ನಾಟಕಕ್ಕೆ ಹೊಸದಾಗಿರಲಿಲ್ಲ. ಹತ್ತು ವರ್ಷ ಹಿಂದೆ ಉತ್ತರದ ಜಿಲ್ಲೆಗಳಲ್ಲಿ ಒಂದು ದೊಡ್ಡ ಪಾಠ ನಡೆದಿತ್ತು. 1984ರಲ್ಲಿ ಸರ್ಕಾರ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಮಾಡಿ, ಊರಿನವರ ದನ ಮೇಯುವ, ಸೌದೆ ಆರಿಸುವ ಸಾಮೂಹಿಕ ನೆಲವನ್ನು ನೀಲಗಿರಿ ಬೆಳೆಯಲು ಕೊಟ್ಟಿತು. ಸುಮಾರು 30,000 ಹೆಕ್ಟೇರಿನ ಯೋಜನೆ ಅದು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಊರೂರು ತಿರುಗಿತು. ಶಿವರಾಮ ಕಾರಂತರು ಮುಂದೆ ನಿಂತು 1986ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಗಿಡ ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಎಂದೇ ಆ ಸತ್ಯಾಗ್ರಹದ ಹೆಸರು. 1991ರಲ್ಲಿ ಕಂಪನಿ ಮುಚ್ಚಿತು. ನೆಲದ ಮೇಲೆ ಜನ, ಕೋರ್ಟಿನಲ್ಲಿ ಅರ್ಜಿ, ಎರಡೂ ಒಟ್ಟಿಗೆ ನಡೆದರೆ ಯೋಜನೆ ನಿಲ್ಲುತ್ತದೆ ಎಂಬುದಕ್ಕೆ ಕುಸನೂರು ಸಾಕ್ಷಿ.

ಮೂರ್ಕಲ್‌ನಲ್ಲೂ ಹಾಗೇ ಆಯಿತು. ಆದರೆ ತೀರ್ಪು ಯಾವ ಆಧಾರದ ಮೇಲೆ ಬಂತು ಎಂಬುದನ್ನು ತಾಳ್ಮೆಯಿಂದ ನೋಡಬೇಕು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ 2ನೇ ಸೆಕ್ಷನ್ ಪ್ರಕಾರ ಅರಣ್ಯಭೂಮಿಯನ್ನು ಅರಣ್ಯೇತರ ಕೆಲಸಕ್ಕೆ ಕೊಡುವ ಮೊದಲು ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ರಾಜ್ಯ ಸರ್ಕಾರ ಅದನ್ನು ಪಡೆದಿರಲಿಲ್ಲ. ವನ್ಯಜೀವಿ ಕಾಯ್ದೆಯೂ ಉದ್ಯಾನದೊಳಗೆ ಇಂಥ ಗುತ್ತಿಗೆಗೆ ಎಡೆಕೊಡುವುದಿಲ್ಲ. ಆದ್ದರಿಂದ ಗುತ್ತಿಗೆ ಬಿತ್ತು. ಆ ದಿನ ಗೆದ್ದದ್ದು ಕಾಡಿನ ಕಾನೂನು. ಹಾಡಿಯ ಹಕ್ಕಿನ ಮೇಲೆ ಆ ತೀರ್ಪು ನಿಂತಿರಲಿಲ್ಲ. ಹೋಟೆಲನ್ನು ಹೊರಗಟ್ಟಿದ ಅವೇ ಎರಡು ಕಾಯ್ದೆಗಳು ಹಾಡಿಗಳನ್ನು ಹೊರಗಟ್ಟುವುದಕ್ಕೂ ಒದಗಿದವು. ಮೂರ್ಕಲ್ ವಿಜಯದ ಬಗ್ಗೆ ಬರೆದವರಲ್ಲಿ ಅನೇಕರು ಈ ಮಾತನ್ನು ಹೇಳದೆ ಬಿಡುತ್ತಾರೆ. ನನಗೆ ಇಡೀ ಚರಿತ್ರೆಯ ತಿರುಳು ಇಲ್ಲೇ ಇದೆ ಅನ್ನಿಸುತ್ತದೆ.

ತೀರ್ಪಿನ ಸಂತೋಷ ಆರುವ ಮೊದಲೇ ಇನ್ನೊಂದು ಯೋಜನೆ ಬಾಗಿಲಲ್ಲಿತ್ತು. ವಿಶ್ವಬ್ಯಾಂಕಿನ ನೆರವಿನ ಭಾರತ ಪರಿಸರ ಅಭಿವೃದ್ಧಿ ಯೋಜನೆಗೆ 1996ರಲ್ಲಿ ಮಂಜೂರಾತಿ ಸಿಕ್ಕಿತ್ತು. ಗಿರ್, ರಣಥಂಬೋರ್, ಪೆಂಚ್, ಪಲಾಮು, ಬಕ್ಸಾ, ಪೆರಿಯಾರ್ ಜೊತೆಗೆ ನಾಗರಹೊಳೆಯೂ ಆ ಏಳು ಕಾಡುಗಳಲ್ಲಿ ಒಂದು. ಜನರು ಕಾಡಿನ ಮೇಲೆ ಆತುಕೊಳ್ಳುವುದನ್ನು ಕಡಿಮೆ ಮಾಡುವುದು ಅದರ ಗುರಿ. ಹಾಡಿಯವರನ್ನು ಕೇಳದೆ ಯೋಜನೆ ಹೆಣೆಯಲಾಗಿದೆ, ಬುಡಕಟ್ಟು ಜನರ ವಿಷಯದಲ್ಲಿ ಬ್ಯಾಂಕು ತನ್ನದೇ ನಿಯಮಗಳನ್ನು ಪಾಲಿಸಿಲ್ಲ ಎಂದು ಹಕ್ಕು ಸ್ಥಾಪನಾ ಸಮಿತಿ 1998ರಲ್ಲಿ ವಾಷಿಂಗ್ಟನ್ನಿನ ವಿಶ್ವಬ್ಯಾಂಕ್ ತಪಾಸಣಾ ಮಂಡಳಿಗೆ ದೂರು ಕೊಟ್ಟಿತು. ಮಂಡಳಿ ಬಂದು ನೋಡಿ, ಪೂರ್ತಿ ತನಿಖೆ ಆಗಬೇಕೆಂದು ಶಿಫಾರಸು ಮಾಡಿತು. ಬ್ಯಾಂಕಿನ ನಿರ್ದೇಶಕರು ತನಿಖೆಗೆ ಒಪ್ಪಲಿಲ್ಲ. ಲೋಪಗಳನ್ನು ಆಡಳಿತವೇ ಸರಿಪಡಿಸಲಿ ಎಂದರು. ಅಲ್ಲಿಗೆ ಆ ದೂರು ಮುಗಿಯಿತು. ಸ್ವಲ್ಪ ಕಾಲದಲ್ಲೇ ಹುಣಸೂರು ತಾಲ್ಲೂಕಿನ ನಾಗಾಪುರದ ಪುನರ್ವಸತಿ ಕೇಂದ್ರಕ್ಕೆ ಕುಟುಂಬಗಳನ್ನು ಸಾಗಿಸುವ ಕೆಲಸ ಮೊದಲಾಯಿತು.

ಅದೇ ತಪಾಸಣಾ ಮಂಡಳಿಯ ಮುಂದೆ 2012ರಲ್ಲಿ ಇಥಿಯೋಪಿಯಾದ ಗಂಬೆಲ್ಲಾ ಪ್ರಾಂತದ ಅನುವಾಕ್ ಜನ ನಿಂತರು. ತಮ್ಮ ಹೊಲ, ಕಾಡುಗಳನ್ನು ಬಿಡಿಸಿ ಸರ್ಕಾರ ತಮ್ಮನ್ನು ಬೇರೆ ಊರುಗಳಿಗೆ ಒಟ್ಟುಗೂಡಿಸುತ್ತಿದೆ, ಅದಕ್ಕೆ ಬ್ಯಾಂಕಿನ ನೆರವಿನ ಯೋಜನೆಯ ಹಣ ಬಳಕೆಯಾಗುತ್ತಿದೆ ಎಂಬುದು ನಿರಾಶ್ರಿತರಾಗಿ ಗಡಿ ದಾಟಿದ್ದ ಅವರ ದೂರು. ಈ ಸಲ ತನಿಖೆ ನಡೆಯಿತು. ಬ್ಯಾಂಕು ತನ್ನ ನಿಯಮಗಳನ್ನು ಮೀರಿದೆ ಎಂದು ಮಂಡಳಿ ಕಂಡುಕೊಂಡಿತು.

ಗಂಬೆಲ್ಲಾದ ಕಥೆಯಲ್ಲಿ ಕನ್ನಡನಾಡಿಗೂ ಒಂದು ಪಾತ್ರವಿದೆ, ಅದನ್ನು ನಾವು ಮುಚ್ಚಿಡಬಾರದು. ಅದೇ ಪ್ರಾಂತದಲ್ಲಿ ಅದೇ ವರ್ಷಗಳಲ್ಲಿ ದೊಡ್ಡ ಪ್ರಮಾಣದ ನೆಲವನ್ನು ಗುತ್ತಿಗೆ ಪಡೆದದ್ದು ಬೆಂಗಳೂರಿನ ಕರುತುರಿ ಗ್ಲೋಬಲ್. 1990ರ ದಶಕದಲ್ಲಿ ಗುಲಾಬಿ ಬೆಳೆದು ರಫ್ತು ಮಾಡಲು ಶುರುಮಾಡಿ, ಕೀನ್ಯಾದ ನೈವಾಷಾ ಸರೋವರದ ದಂಡೆಯ ದೊಡ್ಡ ಹೂತೋಟವನ್ನೂ ಕೊಂಡ ಕಂಪನಿ ಅದು. ಗಂಬೆಲ್ಲಾದಲ್ಲಿ ಮಾತುಕತೆಯಾದದ್ದು 3,00,000 ಹೆಕ್ಟೇರಿಗೆ. ಮೊದಲ ಹಂತದಲ್ಲಿ ಕೈಗೆ ಸಿಕ್ಕದ್ದು 1,00,000 ಹೆಕ್ಟೇರು. ಇಡೀ ನಾಗರಹೊಳೆ ಉದ್ಯಾನ ಸುಮಾರು 64,000 ಹೆಕ್ಟೇರು ಎಂಬುದನ್ನು ಇದರ ಪಕ್ಕ ಇಟ್ಟು ನೋಡಿ. ಇಥಿಯೋಪಿಯಾದ ಸಂವಿಧಾನದಲ್ಲಿ ನೆಲ ಸರ್ಕಾರದ್ದು ಮತ್ತು ಜನರದ್ದು, ಮಾರುವಂತಿಲ್ಲ. ಆದರೆ ಕಾಡು, ಹುಲ್ಲುಗಾವಲು, ಸರದಿಯಂತೆ ಉತ್ತು ಬಿಡುವ ಹೊಲಗಳನ್ನು ‘ಖಾಲಿ ನೆಲ’ ಎಂದು ಬರೆದುಕೊಂಡರೆ ಮಾರುವ ಅಗತ್ಯವೇ ಬೀಳುವುದಿಲ್ಲ. ನಾಗರಹೊಳೆಯ ಹಡ್ಲುಗಳೂ ಹೀಗೆಯೇ ಪುಸ್ತಕದಲ್ಲಿ ಯಾರದ್ದೂ ಆಗದೆ ಉಳಿದವು. ಬಾರೋ ನದಿಯ ಪ್ರವಾಹ 2011ರಲ್ಲಿ ಕಂಪನಿಯ ಮೆಕ್ಕೆಜೋಳದ ಬೆಳೆಯನ್ನು ಕೊಚ್ಚಿತು. ಆ ನದಿಯ ಮರ್ಜಿಯನ್ನು ತಲೆತಲಾಂತರದಿಂದ ಬಲ್ಲವರು ಅಲ್ಲೇ ಇದ್ದರು, ಅವರನ್ನು ಕೇಳಿದವರಿಲ್ಲ. 2015ರ ಡಿಸೆಂಬರಿನಲ್ಲಿ ಇಥಿಯೋಪಿಯಾ ಸರ್ಕಾರ ಗುತ್ತಿಗೆ ರದ್ದುಮಾಡಿತು. ಮೂರ್ಕಲ್‌ನಲ್ಲಿ ಹೋಟೆಲು ಮಾಡಲು ಹೊರಟದ್ದನ್ನು ತಪ್ಪೆಂದ ನಾವು ಗಂಬೆಲ್ಲಾದಲ್ಲಿ ನಮ್ಮ ನಾಡಿನ ಕಂಪನಿ ಮಾಡಿದ್ದನ್ನೂ ಅದೇ ಬಾಯಲ್ಲಿ ತಪ್ಪೆನ್ನಬೇಕು.

ಆಫ್ರಿಕಾದಿಂದ ಕಲಿಯಬೇಕಾದ ಇನ್ನೊಂದು ಸಂಗತಿಯೂ ಇದೆ. ಕೀನ್ಯಾದ ಮಾವು ಎಂಬ ಕಾಡಿನಲ್ಲಿ ಓಗಿಯೆಕ್ ಎಂಬ ಜನರಿದ್ದಾರೆ. ಜೇನು ಅವರ ಬದುಕು. ಮರದಲ್ಲಿ ಗೂಡು ಕಟ್ಟಿಟ್ಟು ಜೇನು ತೆಗೆಯುತ್ತಾರೆ, ಮದುವೆ ಮಾತುಕತೆಗೂ ದೇವರ ಕೆಲಸಕ್ಕೂ ಜೇನು ಬೇಕು. ಮೂವತ್ತು ದಿನದೊಳಗೆ ಕಾಡು ಬಿಡಬೇಕೆಂದು 2009ರಲ್ಲಿ ಅವರಿಗೆ ನೋಟಿಸು ಬಂತು. ಮೊಕದ್ದಮೆ ಆಫ್ರಿಕಾದ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಯಿತು. ಟಾಂಜಾನಿಯಾದ ಅರೂಷಾದಲ್ಲಿರುವ ಆ ನ್ಯಾಯಾಲಯ 2017ರ ಮೇ 26ರಂದು ಓಗಿಯೆಕರ ಪರವಾಗಿ ತೀರ್ಪು ಕೊಟ್ಟಿತು. ಕಾಡು ಹಾಳಾದದ್ದಕ್ಕೆ ಇವರೇ ಕಾರಣ ಎಂದು ಸರ್ಕಾರ ತೋರಿಸಿಲ್ಲ, ಕಾಡು ಉಳಿಸುವ ಹೆಸರಿನಲ್ಲಿ ಇವರನ್ನು ಹೊರಹಾಕಲಾಗದು, ಈ ನೆಲದ ಮೇಲೆ ಇವರಿಗೆ ಹಕ್ಕಿದೆ ಎಂದಿತು. 2022ರಲ್ಲಿ ಪರಿಹಾರವನ್ನೂ ವಿಧಿಸಿತು. ಆ ತೀರ್ಪು ಬಂದ ಮೇಲೂ 2023ರಲ್ಲಿ ಮಾವು ಕಾಡಿನಲ್ಲಿ ಮನೆಗಳನ್ನು ಕೆಡವಿದರು ಎಂಬುದನ್ನೂ ಸೇರಿಸಿ ಹೇಳಬೇಕು. ಆದರೂ ಒಂದು ವ್ಯತ್ಯಾಸ ದೊಡ್ಡದು. ಓಗಿಯೆಕರ ನೆಲದ ಹಕ್ಕೇ ಅಲ್ಲಿ ಪ್ರಶ್ನೆಯಾಗಿತ್ತು, ಅದಕ್ಕೇ ಉತ್ತರ ಸಿಕ್ಕಿತು.

ನಮ್ಮಲ್ಲಿ ಆ ಉತ್ತರ ಸಂಸತ್ತಿನಿಂದ ಬಂತು. 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟು ಜನರಿಗೆ ಆದ ಚಾರಿತ್ರಿಕ ಅನ್ಯಾಯವನ್ನು ಒಪ್ಪಿಕೊಂಡೇ ಶುರುವಾಗುತ್ತದೆ. ಅದರ ನಿಯಮಗಳು ಪಹಣಿಯನ್ನೇ ಕೇಳುವುದಿಲ್ಲ. ಹಿರಿಯರ ಬಾಯಿಮಾತಿನ ಹೇಳಿಕೆ, ಸಮಾಧಿ, ದೇವರ ನೆಲೆ, ಹಳೆಯ ಬಾವಿ ಇವೆಲ್ಲ ಪುರಾವೆಯೇ. ಹಕ್ಕು ಯಾರದ್ದೆಂದು ಮೊದಲು ತೀರ್ಮಾನಿಸುವುದು ಗ್ರಾಮಸಭೆ. 2005ರ ಡಿಸೆಂಬರ್ 13ಕ್ಕೆ ಮೊದಲು ಪುನರ್ವಸತಿಯಿಲ್ಲದೆ ಅಕ್ರಮವಾಗಿ ಒಕ್ಕಲೆಬ್ಬಿಸಿದವರಿಗೂ ಅದೇ ಸ್ಥಳದಲ್ಲಿ ಪುನರ್ವಸತಿಯ ಹಕ್ಕಿದೆ. ಈ ಕಾಯ್ದೆಯಿಂದ ಹುಲಿ ಕಾಡು ಹಾಳಾಗುತ್ತದೆ ಎನ್ನುವವರು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ನೋಡಲಿ. 2011ರ ಅಕ್ಟೋಬರ್ 2ರಂದು ಅಲ್ಲಿನ ಸೋಲಿಗರ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದಲ್ಲಿ ದೇಶದಲ್ಲೇ ಮೊದಲು. ಸೋಲಿಗರೂ ಅಲ್ಲಿದ್ದಾರೆ, ಹುಲಿಯೂ ಇದೆ.

ನಾಗರಹೊಳೆಯಲ್ಲಿ ಆ ದಿನ ಬರಲಿಲ್ಲ. ಹೊರದಬ್ಬಿಸಿಕೊಂಡವರ ಲೆಕ್ಕ ಮಾತ್ರ ಸಿಕ್ಕಿತು. ಹೈಕೋರ್ಟಿನ ಆದೇಶದಂತೆ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿದ್ದ ಮುಜಫರ್ ಅಸ್ಸಾದಿಯವರ ಸಮಿತಿ ಹಾಡಿಗಳನ್ನು, ಲೈನ್‌ಮನೆಗಳನ್ನು, ಕಾಡಂಚಿನ ಊರುಗಳನ್ನು ಸುತ್ತಿ 2014ರಲ್ಲಿ ವರದಿ ಕೊಟ್ಟಿತು. ನಾಗರಹೊಳೆಯಿಂದ ಹೊರಬಿದ್ದ 3,418 ಕುಟುಂಬಗಳಿಗೆ ಪುನರ್ವಸತಿ ಆಗಬೇಕೆಂಬುದು ಅದರ ಮುಖ್ಯ ಮಾತು. ಅಸ್ಸಾದಿಯವರು 2025ರ ಜನವರಿಯಲ್ಲಿ ತೀರಿಕೊಂಡರು. ಅವರ ವರದಿ ಇನ್ನೂ ಪೂರ್ತಿ ಜಾರಿಯಾಗಿಲ್ಲ.

2025ರ ಮೇ 5ರಂದು ಕೊಡಗಿನ ಕಡೆಯ ಕರಡಿಕಲ್ಲು ಅತ್ತೂರು ಕೊಲ್ಲಿಯ 52 ಜೇನುಕುರುಬ ಕುಟುಂಬಗಳು ನಾಲ್ಕು ದಶಕದ ಹಿಂದೆ ಬಿಡಿಸಿದ್ದ ತಮ್ಮ ಜಾಗಕ್ಕೆ ಮರಳಿ, ಬಿದಿರು, ಟಾರ್ಪಾಲಿನಲ್ಲಿ ಗುಡಿಸಲು ಕಟ್ಟಿಕೊಂಡವು. ಕೈಯಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿಯ ಅರ್ಜಿಗಳಿದ್ದವು. ಅರಣ್ಯ ಇಲಾಖೆ ಅವರನ್ನು ಅತಿಕ್ರಮಣಕಾರರೆಂದಿತು. ಹಿರಿಯರ ಸಮಾಧಿ ಎಲ್ಲಿದೆ, ದೇವರು ಯಾವ ಮರದಡಿ ಇದೆ ಎಂದು ಬೆರಳು ಮಾಡಿ ತೋರಿಸಬಲ್ಲವರನ್ನು ಅತಿಕ್ರಮಣಕಾರರೆಂದು ಕರೆಯುವುದು ಕಾನೂನಿಗೂ ಒಪ್ಪದ ಮಾತು, ನ್ಯಾಯಕ್ಕೂ ಒಪ್ಪದ ಮಾತು.

ಮೂರ್ಕಲ್‌ನಲ್ಲಿ ಹೋಟೆಲು ಬೇಡ ಎಂದ ನ್ಯಾಯವ್ಯವಸ್ಥೆಯೂ ಅದಕ್ಕೆ ಗುತ್ತಿಗೆ ಕೊಟ್ಟಿದ್ದ ಸರ್ಕಾರವೂ ಈಗ ಉಳಿದ ಅರ್ಧ ಕೆಲಸ ಮುಗಿಸಬೇಕು. ಅಸ್ಸಾದಿ ಸಮಿತಿಯ ವರದಿ ಜಾರಿಯಾಗಬೇಕು. ಹಾಡಿಗಳ ಗ್ರಾಮಸಭೆಗಳು ಒಪ್ಪಿ ಕಳಿಸಿದ ಅರ್ಜಿಗಳನ್ನು ಕಚೇರಿಯಲ್ಲಿ ಕೂತು ತಳ್ಳಿಹಾಕದೆ ಸ್ಥಳಕ್ಕೆ ಹೋಗಿ, ಹಿರಿಯರ ಮಾತನ್ನು ಬರೆದುಕೊಂಡು ಹಕ್ಕುಪತ್ರ ಕೊಡಬೇಕು. ಮೈಸೂರಿನ ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ: ಜಂಬೂಸವಾರಿಯ ಮಾವುತರನ್ನು ಹೊಗಳುವ ನಾವು ಅವರ ಹಾಡಿಯ ಹಕ್ಕುಪತ್ರ ಎಲ್ಲಿಗೆ ಬಂತು ಎಂದು ನಮ್ಮ ಶಾಸಕರನ್ನೂ ಜಿಲ್ಲಾಧಿಕಾರಿಗಳನ್ನೂ ಕೇಳೋಣ, ಉತ್ತರ ಬರುವವರೆಗೂ ಕೇಳುತ್ತಿರೋಣ.